ಹನ್ನೆರಡು ಉಡಿ

ಎಣಿಸಬಾರದು ಎಂದುಕೊಂಡೇ ಸಾವಕ್ಕ ಟಂಟಂ ಹತ್ತಿದ್ದಳು. ಆದರೂ ಕೂತ ಕೂಡಲೇ ಕಣ್ಣು ತಾನಾಗಿ ಎಣಿಸಿ ಮುಗಿಸಿತ್ತು: ತನ್ನನ್ನೂ ಹಿಡಿದು ಹನ್ನೆರಡು. ಕಾಡಿನಲ್ಲಿ ದಳ ನಡೆಸುತ್ತಿದ್ದಾಗಿನ ಚಟ ಇದು. ಹೊರಡುವಾಗೊಮ್ಮೆ, ಹಳ್ಳ ದಾಟಿದ ಮೇಲೊಮ್ಮೆ, ಮಲಗುವ ಮುಂಚೆ ಮತ್ತೊಮ್ಮೆ. ಬಂದೂಕು ಒಪ್ಪಿಸಿ, ಎರಡು ವರ್ಷ ಜೈಲಿನಲ್ಲಿದ್ದು, ಊರಿಗೆ ಮರಳಿ ಮೂರು ವರ್ಷವಾದರೂ ಅದು ಬಿಟ್ಟಿಲ್ಲ. ಈಗ ಅವಳು ಎಣಿಸುವುದು ಮೆಣಸಿನಕಾಯಿ ಬಿಡಿಸಲು ಹೊರಟ ಹೆಂಗಸರನ್ನು. ಇವತ್ತು ಲೆಕ್ಕ ಸರಿಯಿತ್ತು, ಕೂತ ರೀತಿ ಸರಿಯಿರಲಿಲ್ಲ. ನಂದಾ ಹಿಂದಿನ ಹಲಗೆಯ ತುದಿಯಲ್ಲಿ ಕಬ್ಬಿಣದ ಸರಳು ಹಿಡಿದು ಅರ್ಧ ಹೊರಗೇ ಕೂತಿದ್ದಳು. ಅವಳಿಗೂ ಪಕ್ಕದವಳಿಗೂ ನಡುವೆ ಒಬ್ಬಳು ಕೂರುವಷ್ಟು ಜಾಗವಿತ್ತು. ಆ ಜಾಗದಲ್ಲಿ ಯಾರೋ ಬುತ್ತಿಗಂಟು ಇಟ್ಟಿದ್ದರು. ಸಂಶಿಯ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದಾಗ ಗಾಡಿ ಕುಲುಕಿತು, ನಂದಾ ಜಾರಿದಂತಾಗಿ ಸರಳನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಗಂಟು ಎತ್ತಿಕೊಳ್ಳಿ ಎಂದು ಯಾರಾದರೂ ಹೇಳಬಹುದಿತ್ತು. ಸಾವಕ್ಕ ಹೇಳಬಹುದಿತ್ತು, ಅವಳು ಹೇಳಿದರೆ ಗಂಟು ಎತ್ತುತ್ತಿದ್ದರು ಕೂಡ. ಅವಳು ಶಾಕೀರನ ಬೆನ್ನನ್ನೂ ಅವನು ಗಾಡಿ ಹೊಡೆಯುವುದನ್ನೂ ನೋಡುತ್ತ ಕೂತಳು. ಇವರೆಲ್ಲ ನಂದಾಳ ಮೇಲೆ ಹೊರಿಸಿದ ಮಾತನ್ನು ಆಡಿದವಳು ನಂದಾ ಅಲ್ಲ. ಆಡಿದವರು ಯಾರೆಂದು ಸಾಹುಕಾರ ಶಿದ್ಲಿಂಗಪ್ಪನಿಗೆ ಗೊತ್ತು, ತನಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ.

ನಡೆದದ್ದು ಇಷ್ಟೇ. ಶಿದ್ಲಿಂಗಪ್ಪನ ಮೆಣಸಿನಕಾಯಿ ಹೊಲಕ್ಕೆ ಹೊಂದಿಕೊಂಡೇ ಅವನ ಕಡಲೆ ಹೊಲ. ಅವನ ಅಪ್ಪನ ಕಾಲದಿಂದಲೂ, ಕಡಲೆ ಕಾಯಿಗಟ್ಟುವ ದಿನಗಳಲ್ಲಿ ಸಂಜೆ ಕೆಲಸ ಮುಗಿಸಿ ಹೋಗುವ ಆಳು ಹೆಂಗಸರು ಒಬ್ಬೊಬ್ಬರು ಒಂದೊಂದು ಉಡಿ ಹಸಿ ಗಿಡ ಕಿತ್ತುಕೊಂಡು ಹೋಗುವುದು ಪದ್ಧತಿ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಸೆರಗಿನ ಮಡಿಲಲ್ಲಿ ಹಿಡಿದಷ್ಟು ಹಿಡಿಯಿತು, ಅಷ್ಟೇ. ಮನೆಗೆ ಹೋಗಿ ಒಲೆಯ ಕೆಂಡದಲ್ಲಿ ಸುಟ್ಟು ಮಕ್ಕಳ ಮುಂದೆ ಸುರಿದರೆ ಅವತ್ತಿನ ದಣಿವು ಇಳಿಯುತ್ತದೆ. ನಿನ್ನೆ ಸಂಜೆ ಮಾತ್ರ ಶಿದ್ಲಿಂಗಪ್ಪ ಬದುವಿನ ಮೇಲೆ ಬೈಕು ನಿಲ್ಲಿಸಿ, ಇಳಿಯದೆ, ಮುಂದೆ ಒಂದು ತಾಡಪತ್ರಿ ಹಾಸಿಸಿದ್ದ. "ಎಲ್ಲಾರೂ ಉಡಿ ಜಾಡಿಸಿ ಮುಂದ ಹೋಗ್ರಿ" ಎಂದ. ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಅವನು ಫೋನು ನೋಡುತ್ತ ಹೇಳಿದ. "ನಿನ್ನಿ ಎಷ್ಟ ಹೋಗೇತಿ ಅನ್ನೂದು ನನಗ ಗೊತ್ತೈತಿ. ಹೇಳಿದಾವ್ರು ನಿಮ್ಮೊಳಗಿನವರ ಅದಾರ." ಉಡಿ ತುಂಬಿಸಿಕೊಂಡು ತವರು ಬಿಟ್ಟು ಬಂದ ಹೆಂಗಸರು, ಗಂಡಸಿನ ಎದುರು ಸಾಲಾಗಿ ನಿಂತು ಒಬ್ಬೊಬ್ಬರೇ ಮಡಿಲು ಬಿಚ್ಚಿ ಜಾಡಿಸಿದರು. ಬರಿದಾದ ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಜುಲೇಖಾಬಿ ಒಬ್ಬಳೇ, ಅರವತ್ತು ದಾಟಿದವಳು, ಜಾಡಿಸುತ್ತ ಅಂದಿದ್ದಳು: "ತಗೊ ನಮ್ಮಪ್ಪ, ಸಂಸಾರ ನಡಸು."

ನಂದಾ ದಿನಾ ಬೆಳಗ್ಗೆ ಹೊಲಕ್ಕೆ ಬರುವ ಮುಂಚೆ ಸಾಹುಕಾರರ ಮನೆಯಲ್ಲಿ ಕಸ ಹೊಡೆದು ಮುಸುರೆ ತಿಕ್ಕಿ ಬರುತ್ತಾಳೆ. ಗುಂಪಿಗೆ ಬಂದು ಇನ್ನೂ ಎರಡು ತಿಂಗಳು. ಮಾತು ಕಡಿಮೆ. ಇಷ್ಟು ಸಾಕಾಯಿತು. ನಿನ್ನೆ ಊರು ಮುಟ್ಟುವುದರೊಳಗೆ ಹೆಸರು ಸಿಕ್ಕಿಬಿಟ್ಟಿತ್ತು.

ಮೊನ್ನೆ ಸಂಜೆಯ ನೆನಪು ಸಾವಕ್ಕನಿಗೆ ಕಣ್ಣೊಳಗೆ ಖಾರದ ಕೈ ಹೋದಂತೆ ಉರಿಯುತ್ತಿತ್ತು. ಟಂಟಂ ಇಳಿದು ಒಬ್ಬಳೇ ಮನೆಗೆ ಹೋಗುವಾಗ ಶಿದ್ಲಿಂಗಪ್ಪ ತನ್ನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಅವಳು ನಿಂತಳು. ನಿಲ್ಲಬೇಕಾದ ಅಗತ್ಯವೇನೂ ಇರಲಿಲ್ಲ. ನಿಂತು, "ಸಾವ್ಕಾರ್ರ, ಇವತ್ತ ನಮ್ಮವರು ಹನ್ನೆರಡು ಉಡಿ ಕಡ್ಲಿ ತಗೊಂಡಾರ್ರಿ, ನಿಮಗ ಗೊತ್ತಿರಲಿ" ಎಂದಳು. ಹಾಗೆ ಹೇಳಿದ್ದು ಅವಳೂ ಹೌದು, ಅವಳೊಳಗಿನ ಇನ್ನೊಬ್ಬಳೂ ಹೌದು. ದಳದಲ್ಲಿ ಅದೊಂದು ಕಟ್ಟುನಿಟ್ಟು: ಯಾರ ಹೊಲದಿಂದ ಏನು ತೆಗೆದುಕೊಂಡರೂ, ಒಂದು ಮೆಣಸಿನಕಾಯಿಯಾದರೂ ಸರಿ, ಆ ಮನೆಯವರಿಗೆ ಹೇಳಿ ಹೋಗಬೇಕು. ಅವಳು ಎಷ್ಟೋ ಅಂಗಳಗಳಲ್ಲಿ ಹೀಗೆ ನಿಂತು ಹೇಳಿದ್ದಳು: ಎರಡು ಸೋರೆಕಾಯಿ ತೆಗೆದುಕೊಂಡಿದ್ದೇವೆ, ಒಂದು ಬೊಗಸೆ ಉಪ್ಪು. ಆ ಜನ ತಲೆಯಾಡಿಸುತ್ತಿದ್ದರು. ಹೆಗಲಲ್ಲಿ ಬಂದೂಕು ಇದ್ದವಳ ಎದುರು ಬೇರೆ ಏನು ಮಾಡಬೇಕಿತ್ತು ಅವರು, ಎಂದು ಆಗ ಹೊಳೆದಿರಲಿಲ್ಲ. ಶಿದ್ಲಿಂಗಪ್ಪ ಬಟ್ಟಲು ಕೆಳಗಿಟ್ಟು ಅವಳನ್ನು ನೋಡಿದ. "ಹೌದಾ? ಚಲೋ ಆತು ನೋಡು, ಹೇಳಿದ್ದು" ಎಂದ. ಊರಿಗೆ ಬಂದ ಮೇಲೆ ಅವನು ಅವಳನ್ನು ಮುಖ ಕೊಟ್ಟು ನೋಡಿದ್ದು ಅದೇ ಮೊದಲು. ಅವಳಿಗೆ ಹಿಗ್ಗಾಯಿತು. ಅದನ್ನು ನೆನೆದರೆ ಈಗ ಮೈ ಮುದುಡುತ್ತದೆ. ಶಾಬಾಸ್ ಅನ್ನಿಸಿಕೊಂಡ ಶಾಲೆಯ ಹುಡುಗಿಯಂತೆ ಹಿಗ್ಗುತ್ತ ಮನೆಗೆ ಹೋಗಿ, ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದಳು.

ಹೊಲ ಬಂತು. ಬಿಸಿಲು ಇನ್ನೂ ಎಳೆಯದಾಗಿತ್ತು, ಗಿಡದ ಮೇಲೇ ಒಣಗಿದ ಕೆಂಪು ಕಾಯಿಗಳ ಮೇಲೆ ಇಬ್ಬನಿ ಇತ್ತು. ಸಾವಕ್ಕ ಎಂದಿನಂತೆ ಬದುವಿನ ಪಕ್ಕದ ಮೊದಲ ಸಾಲು ಹಿಡಿದಳು. ಮೊದಲ ಸಾಲು ಹಿಡಿದವಳೇ ಗುಂಪಿನ ಹಿರಿಯಾಳು. ಅವಳ ಕೈ ಎಷ್ಟು ಜೋರು ಹೋಗುತ್ತದೋ ಉಳಿದವರದು ಅಷ್ಟು ಜೋರು, ಅವಳು ಬೆನ್ನು ನೆಟ್ಟಗೆ ಮಾಡಿದಾಗ ಎಲ್ಲರೂ ಮಾಡಬಹುದು. ಅದು ಅವಳು ಕೇಳಿ ಪಡೆದದ್ದಲ್ಲ. ಮೂರು ವರ್ಷದ ಹಿಂದೆ, ಅವಳು ತನ್ನ ತಮ್ಮ ಬೀರಲಿಂಗನ ಮನೆಯ ಹಿಂದಿನ ಖೋಲಿಯಲ್ಲಿ ಬಂದು ಕೂತಾಗ, ಓಣಿಯವರು ಬಾಗಿಲ ಎದುರು ಹಾಯುವಾಗ ದನಿ ತಗ್ಗಿಸುತ್ತಿದ್ದರು. ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಸಹಿ ಮಾಡಿ ಬರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹಾಗಿದ್ದಾಗ ಒಂದು ದಿನ ಜುಲೇಖಾಬಿ ಬಂದು ಬಾಗಿಲಲ್ಲೇ ನಿಂತು, ಎಮ್ಮೆ ಕೊಳ್ಳಲು ಬಂದವಳ ಹಾಗೆ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದ್ದಳು: "ಕೈಕಾಲು ನೆಟ್ಟಗ ಅದಾವಿಲ್ಲೋ?" ಅದಾವ್ರಿ ಅಂದಳು. "ಮತ್ತ ನಾಳಿ ಬುತ್ತಿ ಕಟಗೊಂಡ ಬಾ. ಕುಂತ್ರ ತುಕ್ಕ ಹಿಡಿತಾವ." ಕಾಯಿಯನ್ನು ತೊಟ್ಟಿನ ಸಮೇತ ಹೇಗೆ ತಿರುವಿ ಬಿಡಿಸಬೇಕು, ಘಾಟಿಗೆ ಮೂಗಿಗೆ ಹೇಗೆ ಸೆರಗು ಕಟ್ಟಬೇಕು, ಉರಿಯುವ ಬೆರಳಿಗೆ ರಾತ್ರಿ ಎಣ್ಣೆ ಹಚ್ಚಿ ಹೇಗೆ ಮಲಗಬೇಕು ಎಲ್ಲ ಕಲಿಸಿದವಳು ಅವಳೇ. ಯಾರಿಗೋ ಜ್ವರ ಬಂದಾಗ ಸಾವಕ್ಕ ಗುಳಿಗೆ ಕೊಟ್ಟಳು, ಹಾವು ಬಂದಾಗ ಎಲ್ಲರನ್ನೂ ಅಲುಗಾಡದಂತೆ ನಿಲ್ಲಿಸಿದಳು, ಸುನೀತಾಳ ಗಾಯ ತೊಳೆದು ಕಟ್ಟಿದಳು. ಒಂದು ದಿನ ನೋಡಿದರೆ ಮೊದಲ ಸಾಲು ಅವಳಿಗಾಗಿ ಖಾಲಿ ಇತ್ತು. ಸಾಹುಕಾರನ ಬೈಕಿನ ಸದ್ದು ಕೇಳಿದಾಗಲೆಲ್ಲ ಜುಲೇಖಾಬಿ, "ಕಮಾಂಡ್ರ, ವೈರಿ ಬಂದ, ಗುಂಡ ಹಾರಸೂಣೇನು?" ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ. ಆ ಹೆಸರನ್ನು ನಗೆಯಾಗಿ ಮಾಡಿದ್ದಕ್ಕೆ ಸಾವಕ್ಕ ಅವಳಿಗೆ ಎಷ್ಟು ಋಣಿ ಎನ್ನುವುದು ಅವಳಿಗೆ ಗೊತ್ತಿರಲಾರದು. ಈ ಹನ್ನೊಂದು ಮಂದಿಯ ಬೆವರು, ಬೈಗುಳ, ಬುತ್ತಿಯ ವಾಸನೆಯ ನಡುವೆ ಅವಳು ಮತ್ತೆ ಮನುಷ್ಯಳಾಗಿದ್ದಳು. ಇದು ಹೋದರೆ ಮತ್ತೆ ಆ ಹಿಂದಿನ ಖೋಲಿ. ಅದಕ್ಕೇ ಬೆಳಗಿನಿಂದ ಬಾಯಿ ಕಟ್ಟಿತ್ತು.

ಹೇಳದೆ ಇದ್ದರೆ ಏನಾದೀತು? ನಂದಾಳನ್ನು ಗುಂಪಿನಿಂದ ಬಿಡಿಸುತ್ತಾರೆ, ಅಷ್ಟೇ. ಬೇರೆ ಗುಂಪುಗಳಿವೆ, ಹತ್ತಿ ಬಿಡಿಸುವವರಿದ್ದಾರೆ. ಎರಡು ವಾರದಲ್ಲಿ ಎಲ್ಲ ಮರೆಯುತ್ತಾರೆ. ಬೆರಳು ತಾವಾಗಿ ಕಾಯಿ ತಿರುವುತ್ತಿದ್ದವು, ತಲೆ ಈ ಲೆಕ್ಕ ಹಾಕುತ್ತಿತ್ತು. ಮತ್ತು ಈ ಲೆಕ್ಕ ಹಾಕುವ ದನಿ ತನಗೆ ಚೆನ್ನಾಗಿ ಪರಿಚಯದ್ದು ಎಂದು ಅವಳಿಗೆ ಅನಿಸಿತು. ಕಾಡಿನಲ್ಲಿ ಇಪ್ಪೆಮರದ ಕೆಳಗೆ ಕೂತಿದ್ದ ಇನ್ನೊಂದು ಮಧ್ಯಾಹ್ನ ಕೇಳಿದ ದನಿ ಅದು. ನಾಲ್ಕು ಹಳ್ಳಿಯ ಜನ ಸುತ್ತ ಕೂತಿದ್ದರು, ನಡುವೆ ಒಬ್ಬ ಮನುಷ್ಯ, ನಲವತ್ತರ ಆಸುಪಾಸು, ಮೊಣಕಾಲ ಮೇಲೆ ಕೈ ಕಟ್ಟಿಕೊಂಡು. ಆ ವಾರ ದಳದ ಬಿಡಾರದ ಮೇಲೆ ಪೊಲೀಸರು ಬಂದು ಇಬ್ಬರು ಸತ್ತಿದ್ದರು. ಬಿಡಾರದ ಜಾಗ ಹೇಳಿದವನು ಇವನೇ, ಇವನು ಸಂತೆಗೆ ಹೋಗಿದ್ದ, ಸಂತೆಯ ಹತ್ತಿರ ಠಾಣೆ ಇದೆ ಎಂದರು. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅವಳು ಮೂರು ಪ್ರಶ್ನೆ ಕೇಳಿದಳು. ಎರಡನೆಯದಕ್ಕೆ ಆ ಮನುಷ್ಯ ನಕ್ಕ. ಹೆದರಿದವರು ನಗುತ್ತಾರೆ, ಅದು ಈಗ ಗೊತ್ತು. ಅವತ್ತು ಆ ನಗೆ ಕಂಡು ಅವಳ ಮನಸ್ಸು ಗಟ್ಟಿಯಾಯಿತು. ನಿರ್ಣಯ ಹೇಳಿ, ಉಳಿದದ್ದನ್ನು ಬೇರೆಯವರಿಗೆ ಬಿಟ್ಟು, ತನ್ನ ತಾಟು ತೊಳೆಯಲು ಝರಿಗೆ ಹೋದಳು. ತಾಟನ್ನು ಮರಳು ಹಾಕಿ ತಿಕ್ಕಿದಳು, ಅದು ಹೊಳೆಯುವವರೆಗೆ ತಿಕ್ಕಿದಳು, ಆಮೇಲೂ ತಿಕ್ಕಿದಳು. ಬಿಡಾರದ ಸುಳಿವು ಸಿಕ್ಕಿದ್ದು ದಳದವನೇ ಒಬ್ಬ ಕದ್ದು ಹಚ್ಚಿದ ಫೋನಿನಿಂದ ಎಂದು ತಿಳಿಯುವ ಹೊತ್ತಿಗೆ ಮಳೆಗಾಲ ಬಂದಿತ್ತು. ಅವಳು ಮೇಲಿನವರಿಗೆ ಬರೆದಳು. ತಪ್ಪಾಗಿದೆ ಎಂದು ಅವರೂ ಒಪ್ಪಿಕೊಂಡರು. ಆ ಹಳ್ಳಿಯ ದಾರಿಯಲ್ಲಿ ಅವಳು ಆಮೇಲೆ ಎರಡು ಸಲ ಹಾಯ್ದಳು, ಎರಡೂ ಸಲ ಸುತ್ತು ಹಾಕಿಕೊಂಡು ಹೋದಳು.

"ಕಮಾಂಡ್ರ, ಎಲ್ಲಿ ಅದೀ? ಒಂದ ಗಿಡಾನ ಎರಡ ಸಲ ಬಿಡಸಾಕತ್ತಿ" ಎಂದು ಪಕ್ಕದ ಸಾಲಿನಿಂದ ಜುಲೇಖಾಬಿ ಕೂಗಿದಳು. ಸಾವಕ್ಕ ನೋಡಿದಳು. ಗಿಡ ಬರಿದಾಗಿತ್ತು, ಕೈ ಇನ್ನೂ ಅದರಲ್ಲೇ ಆಡುತ್ತಿತ್ತು.

ಬಿಸಿಲು ನೆತ್ತಿಗೆ ಬಂದಾಗ ಎಲ್ಲರೂ ಬೇವಿನ ನೆರಳಿಗೆ ಬಂದರು. ಬುತ್ತಿ ಬಿಚ್ಚಿದರು. ದಿನಾ ಒಬ್ಬರ ಪಲ್ಯ ಇನ್ನೊಬ್ಬರ ರೊಟ್ಟಿಯ ಮೇಲೆ ಬೀಳುತ್ತ ಒಂದು ಸುತ್ತು ಹೋಗುತ್ತದೆ. ಯಾರದು ಯಾರ ಮನೆಯದು ಎಂದು ತಿಳಿಯದ ಹಾಗೆ ಊಟ ಆಗುತ್ತದೆ. ಇವತ್ತು ಪುಂಡಿಪಲ್ಯದ ಡಬ್ಬಿ ಸುನೀತಾಳಿಂದ ಹೊರಟು ಸುತ್ತು ಬಂದು, ನಂದಾಳ ಮುಂದೆ ನಿಲ್ಲದೆ ಆಚೆಗೆ ಹೋಯಿತು. ನಂದಾ ತನ್ನ ರೊಟ್ಟಿಗೆ ತನ್ನದೇ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಳು. ಪೂರ್ತಿ ತಿಂದಳು. ಅವಳು ಅಳಬಹುದು, ಇಲ್ಲವೇ ಹೆದರಿ ನಕ್ಕುಬಿಡಬಹುದು ಎಂದು ಸಾವಕ್ಕ ಉಸಿರು ಹಿಡಿದು ಕಾದಿದ್ದಳು. ನಂದಾ ಎರಡನ್ನೂ ಮಾಡಲಿಲ್ಲ. ಡಬ್ಬಿ ಮುಚ್ಚಿ, ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿ, ಕೈ ಒರೆಸಿಕೊಂಡು, ಎಲ್ಲರ ನಡುವೆ ನೆಟ್ಟಗೆ ಕೂತಳು.

"ಊಟ ಆತಲಾ, ಇನ್ನ ಮಾತಾಡೂಣು" ಎಂದಳು ಸುನೀತಾ. ಅವಳದು ಯಾವಾಗಲೂ ಮುಂದಿನ ಬಾಯಿ. "ಇಕಿ ನಮ್ಮ ಗುಂಪಿನಾಗ ಇರೂದು ನನಗ ಮನಸಿಲ್ಲ. ಸಾವ್ಕಾರನ ಮನಿ ಉಪ್ಪು ಉಂಡಾಕಿ ಅಲ್ಲೇ ಇರಲಿ."

"ನಾ ಹೇಳಿಲ್ಲ" ಎಂದಳು ನಂದಾ.

"ಮತ್ತ್ಯಾರು, ಆ ಕಡ್ಲಿ ಗಿಡಾನ ಎದ್ದ ಹೋಗಿ ಹೇಳಿ ಬಂತೇನ ಬೇ?"

ಯಾರೋ ಕಿಸಕ್ಕೆಂದರು. ನಂದಾ ಮತ್ತೆ ಅದೇ ದನಿಯಲ್ಲಿ, "ನಾ ಹೇಳಿಲ್ರಿ" ಎಂದಳು. ರಿ ಸೇರಿಸಿದ್ದು ಸಾವಕ್ಕನ ಕಡೆ ತಿರುಗಿ.

"ಸುಮ್ಮ ಯಾಕ ವಾದ" ಎಂದು ಸುನೀತಾ ಮೊಣಕಾಲ ಮೇಲೆ ಕೈಯೂರಿ ಸಾವಕ್ಕನ ಕಡೆ ವಾಲಿದಳು. "ಅಕ್ಕಾ, ನೀ ಹೇಳು. ನೀ ಹೆಂಗ ಅಂತೀ ಹಂಗ. ಇರು ಅಂದ್ರ ಇರಲಿ, ಹೋಗು ಅಂದ್ರ ಹೋಗಲಿ. ನಾವು ಯಾರೂ ಎದುರಾಡೂದಿಲ್ಲ."

ಹನ್ನೊಂದು ಮುಖಗಳು ಅವಳ ಕಡೆ ತಿರುಗಿದವು. ಅವುಗಳಲ್ಲಿ ಹೆದರಿಕೆ ಇರಲಿಲ್ಲ, ಅದೇ ಕಷ್ಟವಾಯಿತು, ಅಕ್ಕರೆ ಇತ್ತು. ಬಂದೂಕಿಲ್ಲದವಳ ಮಾತನ್ನು ಕೇಳುತ್ತೇವೆ ಎಂದು ಇವರು ತಾವಾಗಿ ಕೂತಿದ್ದರು. ಸಾವಕ್ಕ ನೀರಿನ ತಂಬಿಗೆ ಎತ್ತಿ ಕುಡಿದಳು. ಕೆಳಗಿಟ್ಟು, ಅದು ವಾಲದಂತೆ ಮಣ್ಣಿನಲ್ಲಿ ಒತ್ತಿ ಕೂರಿಸಿದಳು.

"ನಂದಾ ಹೇಳಿಲ್ಲ. ಸಾವ್ಕಾರಗ ಹೇಳಿದಾಕಿ ನಾನು."

ಸುನೀತಾ ನಕ್ಕಳು. "ನೋಡ್ರಿ, ನಾ ಅಂದಿದ್ನಿಲ್ಲ? ಹಿಂಗ ಮಾಡ್ತಾಳ ಅಂತ." ಉಳಿದವರೂ ನಕ್ಕರು. "ಹ್ವಾದ ವರ್ಷ ಸಾವ್ಕಾರನ ನೀರಿನ ಕೊಡಾ ಒಡದಾಕಿ ನಾನು. ನಾನ ಒಡದೆ ಅಂತ ನಿಂತಾಕಿ ಯಾರು? ಇಕಿ. ಎಲ್ಲಾರ ಪಾಪಾನೂ ತನ್ನ ತಲಿ ಮ್ಯಾಲ ಹೊತ್ತಗೊಂಡ ತಿರಗೂದು ಇಕಿ ಚಟಾ."

"ಖರೇನ ಹೇಳಾಕತ್ತೀನಿ."

"ಆತ ಬಿಡವಾ. ನೀ ದೊಡ್ಡಾಕಿ. ಆದ್ರ ಇಕಿನ್ನ ಉಳಸಾಕ ಹಿಂಗ ಸುಳ್ಳ ಹೇಳಬ್ಯಾಡ."

ನಗೆ ನೆರಳಿನ ತುಂಬ ಹರಡಿತು. ಸಾವಕ್ಕನಿಗೆ ಆ ಒಂದು ಗಳಿಗೆ ಹಿತವಾಯಿತು, ಬಿಸಿಲಿನಿಂದ ಬಂದು ತಣ್ಣನೆಯ ಗೋಡೆಗೆ ಬೆನ್ನು ಕೊಟ್ಟ ಹಾಗೆ. ಹೇಳಿದ್ದಾಯಿತು. ಅವರು ನಂಬಲಿಲ್ಲ. ಇನ್ನು ಸುಮ್ಮನಿದ್ದರೆ ತನ್ನದೇನೂ ತಪ್ಪಿಲ್ಲ, ಮೇಲಾಗಿ ತಾನು ಮೊದಲಿಗಿಂತ ದೊಡ್ಡವಳಾಗುತ್ತೇನೆ. ನಂದಾಳನ್ನು ಇರಲಿ ಬಿಡಿ ಎಂದರೆ ಇರಿಸಿಕೊಳ್ಳುತ್ತಾರೆ, ಪಲ್ಯದ ಡಬ್ಬಿ ಮಾತ್ರ ಅವಳ ಮುಂದೆ ನಿಲ್ಲುವುದಿಲ್ಲ. ಆಗ ನಂದಾಳ ಕಣ್ಣು ಕಂಡಿತು. ಅಲ್ಲಿದ್ದವರಲ್ಲಿ ಸಾವಕ್ಕನ ಮಾತನ್ನು ನಂಬಿದವಳು ಅವಳೊಬ್ಬಳೇ. ನಂಬಿ, ರೆಪ್ಪೆ ಅಲುಗಿಸದೆ, ಇವಳು ಮುಂದೇನು ಮಾಡುತ್ತಾಳೆ ಎಂದು ನೋಡುತ್ತಿದ್ದಳು.

"ಕೇಳ್ರಿ" ಎಂದಳು ಸಾವಕ್ಕ. ಅವಳ ದನಿ ಅವಳಿಗೇ ಚಿಕ್ಕದಾಗಿ ಕೇಳಿಸಿತು. "ಮೊನ್ನಿ ಸಂಜೀಕ ಅಂವ ಕಟ್ಟಿ ಮ್ಯಾಲ ಚಾ ಕುಡಿಯಾಕತ್ತಿದ್ದ. ನಾನ ನಿಂತು, ನಾನ ಕರದು ಹೇಳಿದೆ. ಹನ್ನೆರಡು ಉಡಿ ಅಂತ ಹೇಳಿದೆ. ಎದಕ ಹೇಳಿದೆ ಅಂದ್ರ, ತಗೊಂಡದ್ದ ಹೇಳಬೇಕು ಅನ್ನೂದೊಂದು ನನ್ನ ಮೈಯಾಗ ಹೊಕ್ಕೇತಿ. ಅಂವ ಏನಂದ ಗೊತ್ತೈತೇನು? ಚಲೋ ಆತು ಹೇಳಿದ್ದು ಅಂದ. ನನಗ ಖುಷಿ ಆತು. ಮನಿಗೆ ಹೋಗಿ ಎರಡ ರೊಟ್ಟಿ ಜಾಸ್ತಿ ಉಂಡೆ. ನೀವು ನಿನ್ನಿ ಉಡಿ ಜಾಡಸೂಮುಂದ ನಾನೂ ನಿಮ್ಮ ಜೋಡಿ ಜಾಡಿಸಿದೆ. ಆವಾಗರ ಹೇಳಬೇಕಿತ್ತು. ಹೇಳಲಿಲ್ಲ."

ನಗೆ ನಿಂತಿತ್ತು. ಜುಲೇಖಾಬಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಇದು ಖರೇ" ಎಂದಳು. "ಸುಳ್ಳ ಹೇಳಾವ್ರು ರೊಟ್ಟಿ ಉಂಡದ್ದ ಹೇಳೂದಿಲ್ಲ." ಸ್ವಲ್ಪ ತಡೆದು, "ಆದ್ರ ಹನ್ನೆರಡು ಅಂದಿದ್ದು ತಪ್ಪು. ನಾ ಎರಡ ತಗೊಂಡಿದ್ನಿ, ಒಂದ ಒಳಗ ಕಟ್ಟಿದ್ನಿ" ಎಂದಳು. ಒಬ್ಬಿಬ್ಬರ ಬಾಯಿಂದ ನಗೆ ಹಾರಿತು, ಹಾರಿದ್ದು ಅಲ್ಲೇ ನಿಂತಿತು. ಸುನೀತಾ ನಗಲಿಲ್ಲ. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇರೇನೋ ಇತ್ತು. ಬಹಳ ದಿನ ಹೊದ್ದ ದುಪ್ಪಟಿಯಲ್ಲಿ ತೂತು ಕಂಡವಳಂತೆ ನೋಡುತ್ತಿದ್ದಳು.

"ನಾ ಹಿಂದೂ ಒಮ್ಮಿ ಹಿಂಗ ಗಿಡದ ಬುಡಕ ಕುಂತು ಒಬ್ಬಾಂವಂದು ನಿರ್ಣಯ ಮಾಡೀನಿ" ಎಂದಳು ಸಾವಕ್ಕ. ಇದನ್ನು ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. "ಅಂವಾ ಏನೂ ಮಾಡಿದ್ದಿಲ್ಲ. ನನ್ನ ಕಡೆ ನಿರ್ಣಯ ಕೇಳಬ್ಯಾಡ್ರಿ."

ಆಮೇಲೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಸೀರೆಯ ಮೇಲಿನ ಮಣ್ಣು ಕೊಡವಿಕೊಂಡು ಒಬ್ಬೊಬ್ಬರೇ ಎದ್ದರು. ಸುನೀತಾ ಹೋಗುತ್ತ ಯಾರಿಗೂ ಅಲ್ಲದ ಹಾಗೆ, "ಮೊದಲನೇ ಸಾಲ ನಂದಾ ಹಿಡಿಲಿ" ಎಂದಳು. ಅದು ನಂದಾಳಿಗೆ ಕ್ಷಮೆ ಕೇಳಿದ್ದೋ ಸಾವಕ್ಕನಿಗೆ ಶಿಕ್ಷೆಯೋ, ಎರಡೂ ಇರಬೇಕು. ಸಾವಕ್ಕ ಹೋಗಿ ಆ ಬದಿಯ ಕಡೆಯ ಸಾಲು ಹಿಡಿದಳು. ಮುಂದೆ ಬಾಗಿದ ಬೆನ್ನುಗಳು ಓರೆಯಾಗಿ ಸಾಗಿದ್ದವು. ಹೊಸಬಳ ಕೈ ಜೋರಾಗಿತ್ತು, ಜುಲೇಖಾಬಿ ಏದುಸಿರು ಬಿಡುತ್ತ, "ಏ ಹುಡುಗಿ, ನಾ ಇವತ್ತ ಸಾಯಬೇಕೇನು, ಸಾವಕಾಶ" ಎನ್ನುವುದು ಕೇಳಿಸಿತು. ಇಷ್ಟು ದಿನ ಈ ಮಾತು ತನಗೆ ಬರುತ್ತಿತ್ತು. ಕಡೆಯ ಸಾಲಿನಲ್ಲಿ ಕಾಯಿ ಸಣ್ಣವು, ಗಿಡ ಒಣಕಲು, ಸಂಜೆಯ ಬಿಸಿಲು ನೇರ ಕಣ್ಣಿಗೆ. ಅವಳು ಒಂದೂ ಬಿಡದೆ ಬಿಡಿಸುತ್ತ ಹೋದಳು.

ಉಡಿ ತುಂಬಿದವರು ಬಂದು ತಾಡಪತ್ರಿಯ ಮೇಲೆ ಸುರಿಯಬೇಕು. ಸಾವಕ್ಕ ಸುರಿಯಲು ಬಾಗಿದಾಗ ಇನ್ನೊಂದು ಉಡಿ ಪಕ್ಕದಲ್ಲಿ ಸುರಿಯಿತು. ಕೆಂಪು ಧೂಳು ಎದ್ದು ಇಬ್ಬರೂ ಸೀನಿದರು. ನಂದಾ ಮೂಗಿಗೆ ಕಟ್ಟಿದ ಸೆರಗು ಕೆಳಗೆಳೆದಳು.

"ಮುಂಜಾನಿ ಗಾಡ್ಯಾಗ ಯಾಕ ಹೇಳಲಿಲ್ರಿ?"

"ಅಂಜಿದೆ."

"ನೀವು?"

"ಹ್ಞೂಂ."

ನಂದಾ ಖಾಲಿ ಉಡಿ ಕೊಡವಿದಳು. "ಆ ಮನಶ್ಯಾಗ ಏನ ಮಾಡಿದ್ರಿ?"

"ಕೊಂದ್ವಿ." ಸಾವಕ್ಕ ತಿದ್ದಿ ಹೇಳಿದಳು. "ನಾ ಹೇಳಿ ಕೊಲ್ಲಿಸಿದೆ."

ನಂದಾ ರಾಶಿಯಿಂದ ಜಾರಿದ ಎರಡು ಕಾಯಿಗಳನ್ನು ಕಾಲಬೆರಳಿಂದ ಒಳಗೆ ತಳ್ಳಿದಳು. "ಆಮ್ಯಾಲ ಅಂವನ ಮನ್ಯಾಗ ಹೋಗಿ ಹೇಳಿದ್ರೇನು, ಅಂವಂದು ತಪ್ಪಿದ್ದಿಲ್ಲ ಅಂತ?"

"ಇಲ್ಲ."

"ನಮ್ಮ ಮನೀಗರ ಬರ್ರಿ ಮತ್ತ" ಎಂದಳು ನಂದಾ. ಈಗ ಅವಳ ದನಿ ನಡುಗಿತು, ಇಡೀ ದಿನ ನಡುಗದ್ದು. "ನಿನ್ನಿ ನಾ ಮನಿ ಮುಟ್ಟೂದ್ರಾಗ ಸುದ್ದಿ ಮುಟ್ಟಿತ್ತು. ನಮ್ಮತ್ತಿ ನನಗ ಒಲಿ ಮುಟ್ಟಗೊಡಲಿಲ್ಲ. ನಾಕ ಮಂದ್ಯಾಗ ಮಾರಿ ಇಲ್ಲದಂಗ ಮಾಡಿದಿ, ಚಾಡಿ ಹೇಳಾಕಿ ಮಾಡಿದ ರೊಟ್ಟಿ ನಾ ತಿನ್ನೂದಿಲ್ಲ ಅಂತ ನನ್ನ ಗಂಡನ ಮುಂದ ಅಂದ್ಲು. ಅಂವ ಏನೂ ಅನಲಿಲ್ಲ. ಇಲ್ಲಿ ಗಿಡದ ಬುಡಕ ಹೇಳಿದ್ದು ನಮ್ಮತ್ತಿಗೆ ಹೆಂಗ ಕೇಳಬೇಕ್ರಿ?"

"ಬರ್ತೇನಿ."

"ಇವತ್ತ."

"ಇವತ್ತ ಬರ್ತೇನಿ."

ಮರಳುವಾಗ ಟಂಟಂನಲ್ಲಿ ನಂದಾ ಒಳಗೆ, ಜುಲೇಖಾಬಿಯ ಬಾಜೂ ಕೂತಿದ್ದಳು. ಅವಳನ್ನು ಕೈ ಹಿಡಿದು ಎಳೆದು ಕೂರಿಸಿದವಳು ಜುಲೇಖಾಬಿಯೇ. ಬದುವಿನ ಮೇಲೆ ಇವತ್ತು ಬೈಕು ಇರಲಿಲ್ಲ, ಆದರೂ ಯಾರೂ ಕಡಲೆ ಹೊಲಕ್ಕೆ ಇಳಿದಿರಲಿಲ್ಲ. ಸುನೀತಾ ದಿನಾ ಕೂರುವ ಜಾಗದಲ್ಲೇ, ಸಾವಕ್ಕನ ಪಕ್ಕದಲ್ಲಿ, ಮುಖ ತಿರುಗಿಸಿ ಕೂತಳು. ಬೇರೆ ಜಾಗವೂ ಇರಲಿಲ್ಲ. ಊರ ಕೆರೆ ಬರುವ ಹೊತ್ತಿಗೆ ಅವಳಿಗೆ ದಿನದ ಹಾಗೆ ತೂಕಡಿಕೆ ಹತ್ತಿ, ತಲೆ ಬಂದು ಸಾವಕ್ಕನ ಹೆಗಲಿಗೆ ಬಿತ್ತು. ಗಾಡಿ ಕುಲುಕಿದಾಗ ಎಚ್ಚರಾಗಿ, ಎಲ್ಲಿ ಬಿದ್ದೆ ಎಂದು ನೋಡಿ, ಬಿರುಸಿನಿಂದ ನೆಟ್ಟಗಾದಳು. ಸ್ವಲ್ಪ ದೂರ ಹೋಗುವುದರೊಳಗೆ ತಲೆ ಮತ್ತೆ ಬಂದು ಅಲ್ಲೇ ಬಿತ್ತು. ಸಾವಕ್ಕ ಹೆಗಲು ಅಲುಗಿಸದೆ ಕೂತಳು. ನಾಳೆ ಈ ಗಾಡಿ ತನ್ನ ಓಣಿಯಲ್ಲಿ ನಿಲ್ಲುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ಮೆಣಸಿನ ಘಾಟು, ಎಣ್ಣೆ ಹಚ್ಚಿದ ಕೂದಲಿನ ವಾಸನೆ, ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಮೊಣಕಾಲು ತಾಗುವುದು. ಇಷ್ಟನ್ನೂ ಅವಳು ಒಳಗೆ ತುಂಬಿಕೊಳ್ಳುತ್ತಿದ್ದಳು.

ಇಳಿದ ಮೇಲೆ ನಂದಾ ಮುಂದೆ, ಅವಳು ಹಿಂದೆ. ಹಿಟ್ಟಿನ ಗಿರಣಿ ದಾಟಿ ಎಡಕ್ಕೆ. ಯಾರಾದರೂ ಮುಂದೆ ನಡೆದು ತನ್ನನ್ನು ಕರೆದುಕೊಂಡು ಹೋಗುವುದು ಅವಳಿಗೆ ರೂಢಿ ಇರಲಿಲ್ಲ. ಹೆಜ್ಜೆ ಎರಡು ಸಲ ತಪ್ಪಿತು. ನಂದಾ ತಿರುಗದೆ ಕೇಳಿದಳು:

"ಅಂವನ ಹೆಸರ ಏನ್ರಿ?"

ಕಾಡು ಬಿಟ್ಟ ಮೇಲೆ ಆ ಹೆಸರನ್ನು ಅವಳು ಬಾಯಿ ಬಿಟ್ಟು ಅಂದಿರಲಿಲ್ಲ. ವಿಚಾರಣೆಯಲ್ಲಿ ಎಷ್ಟೋ ಹೆಸರು ಕೇಳಿದ್ದರು, ಇದನ್ನು ಯಾರೂ ಕೇಳಿರಲಿಲ್ಲ. "ಬುಧ್ರು" ಎಂದಳು. "ಬುಧವಾರ ಹುಟ್ಟಿದಾಂವ."

"ಹೆಣ್ತಿ ಇದ್ಲೇನ್ರಿ?"

"ಇದ್ಲು. ಅಕಿ ಹೆಸರ ನಾ ಕೇಳಲಿಲ್ಲ."

ನಂದಾ ನಡಿಗೆಯನ್ನು ತುಸು ನಿಧಾನ ಮಾಡಿದಳು. ಇಬ್ಬರೂ ಒಂದೇ ಸಾಲಿಗೆ ಬಂದರು. ಮನೆ ಬಂತು: ಹಸಿರು ಬಾಗಿಲು, ಕಟ್ಟೆಗೆ ಒರಗಿ ನಿಂತ ಸೈಕಲ್ಲು. ಒಳಗೆ ನಡುಮನೆಯಲ್ಲಿ ಅತ್ತೆ ಗುರವ್ವ ಕಾಲು ಚಾಚಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಳಿನಿಂದ ಕಲ್ಲು ಆರಿಸಿ ಎಸೆಯುವ ಬೆರಳು ಸೊಸೆ ಬಂದಳೆಂದು ನಿಲ್ಲಲಿಲ್ಲ. ನಂದಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಒರಗಿ ನಿಂತಳು. ಸಾವಕ್ಕ ಹೊಸ್ತಿಲ ಹೊರಗೇ ಉಳಿದಳು. ಅವಳ ನೆರಳು ಜೋಳದ ಮೇಲೆ ಬಿದ್ದಾಗ ಗುರವ್ವನ ಬೆರಳು ನಿಂತವು.

"ಬೆಳಕಿಗೆ ಅಡ್ಡ ಆತು. ಯಾರದು?"

"ನಾನ್ರಿ, ಸಾವಕ್ಕ" ಎಂದಳು, ಮತ್ತು ನೆರಳು ಸರಿಯುವಂತೆ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತಳು. "ನಿಮ್ಮ ಸೊಸಿ ಮ್ಯಾಲ ಬಂದಿದ್ದು ನಾ ಮಾಡಿದ್ದು. ಪೂರಾ ಹೇಳಿ ಹೋಗತೇನಿ, ಕೇಳ್ರಿ."